ಅಟ್ಟದ ಮೇಲಿನ ಅಡಿಕೆ, ಗಲ್ಲಾದ ಮುಂದಿನ ಜೇನು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಮೂರು ಎಕರೆ ಅಡಿಕೆ ತೋಟ ಇದೆ. ಜೊತೆಗೆ ಆಗುಂಬೆ ರಸ್ತೆಯಲ್ಲಿ ಪ್ರವಾಸಿಗರಿಗೆಂದು ಜೇನು, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದೇನೆ. ರಾಶಿ ಇಡಿ ಎಂಬ ದರ್ಜೆಯ ಅಡಿಕೆಗೆ ಕ್ವಿಂಟಾಲಿಗೆ 56 ಸಾವಿರ ಇದ್ದಾಗ ಇನ್ನೂ ಏರಬಹುದು ಎಂದು ಕೊಡಲಿಲ್ಲ. ಈಗ 48ಕ್ಕೆ ಬಂದು ನಿಂತಿದೆ. ಆ 56 ಮತ್ತೆ ಕಾಣುವವರೆಗೆ ಚೀಲ ಇಳಿಸಲು ಮನಸ್ಸಾಗುತ್ತಿಲ್ಲ. ಅಂಗಡಿಯಲ್ಲಿ ಇನ್ನೊಂದು ವಿಚಿತ್ರ ನೋಡಿದೆ. 300 ಮತ್ತು 450 ರೂಪಾಯಿಯ ಎರಡು ಜೇನಿನ ಬಾಟಲಿಗಳಿದ್ದಾಗ ಹೆಚ್ಚಿನವರು 300ರದ್ದನ್ನೇ ಒಯ್ಯುತ್ತಿದ್ದರು. ಜುಲೈಯಲ್ಲಿ ಪಕ್ಕಕ್ಕೆ 650ರ ಬಾಟಲಿಯನ್ನೂ ಇಟ್ಟೆ. ಅದೇನೂ ಹೋಗಲಿಲ್ಲ, ಆದರೆ 450ರದ್ದು ಓಡತೊಡಗಿತು. ಜನ ಲೆಕ್ಕ ಹಾಕಿ ಕೊಳ್ಳುವುದಿಲ್ಲವೇ? ಅವರನ್ನು ಕಂಡು ನಗುವ ನಾನು ಅಡಿಕೆ ವಿಷಯದಲ್ಲಿ ಅದನ್ನೇ ಮಾಡುತ್ತಿದ್ದೇನೆಯೇ?

ಉತ್ತರ: ಹೌದು, ಅದನ್ನೇ ಮಾಡುತ್ತಿದ್ದೀರಿ. ನಿಮ್ಮ ಗಿರಾಕಿ 450ನ್ನು 650ರ ಪಕ್ಕದಲ್ಲಿಟ್ಟು ನೋಡಿದ, ಅದು ಪರವಾಗಿಲ್ಲ ಅನ್ನಿಸಿತು. ನೀವು 48ನ್ನು 56ರ ಪಕ್ಕದಲ್ಲಿಟ್ಟು ನೋಡುತ್ತಿದ್ದೀರಿ, ಅದು ನಷ್ಟ ಅನ್ನಿಸುತ್ತಿದೆ. ಅವನ ಕಣ್ಣೆದುರು 650ನ್ನು ತಂದಿಟ್ಟವರು ನೀವು. ನಿಮ್ಮ ತಲೆಯೊಳಗೆ 56ನ್ನು ಇಟ್ಟುಹೋದದ್ದು ಮಂಡಿಯ ಯಾವುದೋ ಒಂದು ವಾರ. ಅದಿಷ್ಟು ಬಿಟ್ಟರೆ ಇಬ್ಬರೂ ಒಂದೇ.

ಹಂಡೆಯ ಬಿಸಿನೀರಲ್ಲಿ ಅದ್ದಿದ ಕೈಗೆ ಉಗುರುಬೆಚ್ಚಗಿನ ನೀರು ತಣ್ಣಗೆನಿಸುತ್ತದೆ, ಬಾವಿಯ ನೀರಿಂದ ತೆಗೆದ ಕೈಗೆ ಅದೇ ನೀರು ಬಿಸಿ. ನಮ್ಮ ಇಂದ್ರಿಯಗಳಿಗೆ ಒಂದು ವಸ್ತು ತಾನಾಗಿ ಎಷ್ಟಿದೆ ಎಂಬುದಕ್ಕಿಂತ, ಸ್ವಲ್ಪ ಹೊತ್ತಿಗೆ ಮುಂಚೆ ಇದ್ದುದಕ್ಕಿಂತ ಎಷ್ಟು ಬದಲಾಯಿತು ಎಂಬುದೇ ಬೇಗ ತಿಳಿಯುತ್ತದೆ. ದುಡ್ಡಿನ ವಿಷಯದಲ್ಲೂ ಮನಸ್ಸು ಹೀಗೇ ನಡೆಯುತ್ತದೆ ಎಂದು 1979ರಲ್ಲಿ ಪ್ರಬಂಧ ಬರೆದು ತೋರಿಸಿದವರು ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನೋವಿಜ್ಞಾನಿಗಳು. ಅರ್ಥಶಾಸ್ತ್ರ ಓದದ ಕಾಹ್ನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಈ ಕೆಲಸಕ್ಕೇ. ಟ್ವೆರ್ಸ್ಕಿ 1996ರಲ್ಲೇ ತೀರಿಕೊಂಡಿದ್ದರು.

ಅವರು ಕೇಳಿದ ಒಂದು ಪ್ರಶ್ನೆ ನಿಮ್ಮ ತೋಟಕ್ಕೆ ನೇರ ಹೊಂದುತ್ತದೆ. ಖಚಿತವಾಗಿ 3,000 ಸಿಗುವುದು ಬೇಕೋ, ನೂರಕ್ಕೆ 80ರಷ್ಟು ಸಾಧ್ಯತೆಯಲ್ಲಿ 4,000 ಸಿಗುವುದು ಬೇಕೋ? ಲೆಕ್ಕದಲ್ಲಿ ಎರಡನೆಯದರ ಸರಾಸರಿ 3,200, ಅಂದರೆ ಅದೇ ಮೇಲು. ಆದರೂ ನೂರರಲ್ಲಿ 80 ಜನ ಖಚಿತವಾದ 3,000ವನ್ನೇ ಹಿಡಿದರು. ಆಮೇಲೆ ಇದನ್ನೇ ತಿರುಗಿಸಿ ಕೇಳಿದರು: ಖಚಿತವಾಗಿ 3,000 ಕಳೆದುಕೊಳ್ಳುತ್ತೀರೋ, ಅಥವಾ ನೂರಕ್ಕೆ 80ರಷ್ಟು ಸಾಧ್ಯತೆಯಲ್ಲಿ 4,000 ಕಳೆದುಕೊಳ್ಳುವ ಜೂಜಿಗೆ ಇಳಿಯುತ್ತೀರೋ? ಈಗ 92 ಜನ ಜೂಜಿಗೆ ಇಳಿದರು. ಲಾಭ ಎದುರಿದ್ದಾಗ ಹೆದರುವ ಮನುಷ್ಯ ನಷ್ಟ ಎದುರಾದಾಗ ಧೈರ್ಯವಂತನಾಗುತ್ತಾನೆ. ಆ ಧೈರ್ಯ ಬೇಡದ ಜಾಗದಲ್ಲಿ ಬಂದ ಧೈರ್ಯ.

ಮಲೆನಾಡಿನಲ್ಲಿ ಇದು ಎರಡು ವೇಷದಲ್ಲಿ ಕಾಣುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮರದ ಮೇಲಿನ ಫಸಲನ್ನು ಚೇಣಿ, ಅಂದರೆ ಗುತ್ತಿಗೆ, ಕೊಡುವ ಹೊತ್ತಿಗೆ ಬೆಳೆಗಾರ ತೀರಾ ಹುಷಾರು. ಕೊಳೆ ರೋಗ ಬಂದರೆ, ಧಾರಣೆ ಬಿದ್ದರೆ, ಕೊನೆ ತೆಗೆಯಲು ಆಳು ಸಿಗದಿದ್ದರೆ ಎಂದೆಲ್ಲ ಯೋಚಿಸಿ, ಕೈಗೆ ಬರುವಷ್ಟು ಬರಲಿ ಎಂದು ಚೇಣಿದಾರ ಹೇಳಿದ ಮೊತ್ತಕ್ಕೆ ಒಪ್ಪುತ್ತಾನೆ. ಅದೇ ಬೆಳೆಗಾರ ಕೊಯ್ಲು ಮುಗಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಅಟ್ಟಕ್ಕೇರಿಸಿದ ಮೇಲೆ ಧಾರಣೆ ಇಳಿಯಿತೆನ್ನಿ, ಈಗ ಅವನಷ್ಟು ಗಟ್ಟಿಗ ಇಲ್ಲ. ‘ಇರಲಿ, ಏನು ಕೊಳೆತು ಹೋಗುತ್ತಾ’ ಎನ್ನುತ್ತಾನೆ. ಆರು ತಿಂಗಳ ಅಂತರದಲ್ಲಿ ಮನುಷ್ಯ ಬದಲಾಗಲಿಲ್ಲ. ಮೊದಲ ಸಲ ಅವನು ಸೊನ್ನೆಯಿಂದ ಮೇಲಕ್ಕೆ ಎಣಿಸುತ್ತಿದ್ದ, ಎರಡನೆಯ ಸಲ 56ರಿಂದ ಕೆಳಕ್ಕೆ.

ಕಳೆದುಕೊಂಡ ನೋವು, ಅಷ್ಟೇ ಮೊತ್ತ ಗಳಿಸಿದ ಖುಷಿಗಿಂತ ಸುಮಾರು ಎರಡು ಪಟ್ಟು ತೂಗುತ್ತದೆ ಎಂದು ಕಾಹ್ನೆಮನ್, ಟ್ವೆರ್ಸ್ಕಿ ಅವರ ಮುಂದಿನ ಅಳತೆಗಳು ಹೇಳಿದವು. ಎರಡೇ ಪಟ್ಟೇ, ಎಲ್ಲ ಸಂದರ್ಭದಲ್ಲೂ ಹೀಗೆಯೇ ಎಂಬ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ನಮ್ಮ ಹಿರಿಯರು ಎರಡು ಪಟ್ಟಿಗೆ ನಿಲ್ಲಿಸಲಿಲ್ಲ, ಆನೆಯವರೆಗೂ ಹೋದರು. ಏನೇ ಇರಲಿ, ನಿಮಗೆ ಎಂಟು ಸಾವಿರದ ಇಳಿಕೆ ಎಂಟು ಸಾವಿರದಷ್ಟೇ ನೋಯಿಸುತ್ತಿಲ್ಲ. ಮಾರದೇ ಇದ್ದರೆ ಆ ನೋವು ಇನ್ನೂ ಖಾತೆಗೆ ಬಿದ್ದಿಲ್ಲ ಎಂಬ ಸಮಾಧಾನ ಉಳಿಯುತ್ತದೆ. ನೀವು ಕಾಯುತ್ತಿರುವುದರ ಹಿಂದೆ ಧಾರಣೆ ಏರುವ ನಂಬಿಕೆ ಎಷ್ಟಿದೆಯೋ, ಈ ಸಮಾಧಾನ ಅದಕ್ಕಿಂತ ಕಡಿಮೆ ಇಲ್ಲ ಎಂಬುದು ನನ್ನ ಅನುಮಾನ.

ಷೇರು ಪೇಟೆಯಲ್ಲಿ ಈ ಕಾಯಿಲೆಯ ದಾಖಲೆ ಚೆನ್ನಾಗಿದೆ. ಅಮೆರಿಕದ ಒಂದು ದಲ್ಲಾಳಿ ಸಂಸ್ಥೆಯ ಹತ್ತು ಸಾವಿರ ಖಾತೆಗಳನ್ನು ಜಾಲಾಡಿ ಟೆರನ್ಸ್ ಓಡೀನ್ 1998ರಲ್ಲಿ ಬರೆದದ್ದು ಇದು: ಜನ ಏರಿದ ಷೇರನ್ನು ಬೇಗ ಮಾರುತ್ತಾರೆ, ಇಳಿದದ್ದನ್ನು ಅಪ್ಪಿಕೊಂಡು ಕೂರುತ್ತಾರೆ. ಮುಂದಿನ ಒಂದು ವರ್ಷದಲ್ಲಿ, ಮಾರಿದ ಷೇರುಗಳೇ ಅಪ್ಪಿಕೊಂಡ ಷೇರುಗಳಿಗಿಂತ ನೂರಕ್ಕೆ ಮೂರಕ್ಕೂ ಹೆಚ್ಚು ಮುಂದಿದ್ದವು.

ಇನ್ನು ಸ್ವಂತದ್ದು ಎಂಬ ಮಮಕಾರ. ಕಾಹ್ನೆಮನ್ ಜೊತೆ ಅರ್ಥಶಾಸ್ತ್ರಜ್ಞರಾದ ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಸೇರಿ 1990ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ತರಗತಿಯ ಅರ್ಧ ಮಂದಿಗೆ ಕಾಫಿ ಮಗ್ಗು ಕೊಟ್ಟು ‘ಇದು ನಿಮ್ಮದು, ಎಷ್ಟಕ್ಕೆ ಮಾರುತ್ತೀರಿ’ ಎಂದರು. ಉಳಿದರ್ಧ ಮಂದಿಗೆ ‘ಎಷ್ಟಕ್ಕೆ ಕೊಳ್ಳುತ್ತೀರಿ’ ಎಂದರು. ಸಿಕ್ಕಿ ಹೆಚ್ಚು ಹೊತ್ತೂ ಆಗಿರದ ಮಗ್ಗಿಗೆ ಒಡೆಯರು ಹೇಳಿದ ಬೆಲೆ, ಕೊಳ್ಳುವವರು ಹೇಳಿದ್ದರ ಸುಮಾರು ಎರಡು ಪಟ್ಟು. ನೀವೋ ಔಷಧಿ ಹೊಡೆಸಿ, ಕೊಯ್ಲು ಮಾಡಿಸಿ, ಮಳೆ ಬಂದಾಗ ಅಂಗಳದಿಂದ ಓಡೋಡಿ ಒಳಗೆ ತಂದ ಅಡಿಕೆ ಅದು. ಮಂಡಿಯ ವರ್ತಕನಿಗೆ ಅದು ಬೆಳಿಗ್ಗೆ ಬಂದು ಸಂಜೆ ಹೋಗುವ ಚೀಲ. ಕ್ರೀಡಾಪಟುಗಳ ಚಿತ್ರವಿರುವ, ಜನ ಸಂಗ್ರಹಿಸುವ ಕಾರ್ಡುಗಳ ಮಾರಾಟಗಾರರನ್ನು ಗಮನಿಸಿದ ಜಾನ್ ಲಿಸ್ಟ್ 2003ರಲ್ಲಿ ತೋರಿಸಿದ್ದು ಇದನ್ನೇ: ದಿನವೂ ಕೊಡುಕೊಳ್ಳುವಿಕೆ ಮಾಡುವವರಲ್ಲಿ ಈ ಮಮಕಾರ ಸವೆದು ಹೋಗಿರುತ್ತದೆ. ವರ್ತಕ ನಿಮಗಿಂತ ಬುದ್ಧಿವಂತನೆಂದು ಇದರರ್ಥವಲ್ಲ. ಅವನು ವರ್ಷಕ್ಕೆ ಸಾವಿರ ಸಲ ಮಾಡುವ ಕೆಲಸವನ್ನು ನೀವು ಎರಡು ಸಲ ಮಾಡುತ್ತೀರಿ.

ಈಗ ಲೆಕ್ಕಕ್ಕೆ ಬರೋಣ, ಯಾಕೆಂದರೆ ಕಾಯುವುದಕ್ಕೆ ಖರ್ಚಿಲ್ಲ ಎಂಬ ಭ್ರಮೆ ಎಲ್ಲಕ್ಕಿಂತ ದುಬಾರಿ. ನಿಮಗೆ ನೂರಕ್ಕೆ 9ರ ಬಡ್ಡಿಯ ಒಂದು ಸಾಲ ಇದೆ ಎಂದಿಟ್ಟುಕೊಳ್ಳಿ, ಚಿನ್ನದ ಮೇಲಿನದ್ದೋ ಗಾಡಿಯದ್ದೋ ಯಾವುದಾದರೂ ಸರಿ. ಇವತ್ತು 48 ಸಾವಿರಕ್ಕೆ ಕೊಟ್ಟು ಆ ಸಾಲಕ್ಕೆ ಕಟ್ಟಿದರೆ ಕ್ವಿಂಟಾಲಿಗೆ ವರ್ಷಕ್ಕೆ 4,320 ರೂಪಾಯಿ ಬಡ್ಡಿ ಉಳಿಯಿತು. ಆ ನಿಮ್ಮ 56 ಒಂದು ವರ್ಷ ಬಿಟ್ಟು ನಿಜವಾಗಿ ಬಂದರೆ, ಇವತ್ತಿನ ಲೆಕ್ಕದಲ್ಲಿ ಅದು ಸುಮಾರು 51,400. ಎರಡು ವರ್ಷ ಬಿಟ್ಟು ಬಂದರೆ 47,100 ಚಿಲ್ಲರೆ. ಅಂದರೆ ನೀವು ಕಾಯುತ್ತಿರುವ ಧಾರಣೆ ಎರಡನೆಯ ವರ್ಷದ ಕೊನೆಗೆ ಬಂದೇಬಿಟ್ಟರೂ, ಇವತ್ತು ಮಾರಿದವನೇ ಮುಂದಿರುತ್ತಾನೆ. ತೂಕ ಇಳಿಯುವುದು, ಹುಳು ಹಿಡಿಯುವುದು, ಬಣ್ಣ ಕಂದಿ ಕೆಳಗಿನ ದರ್ಜೆಗೆ ಬೀಳುವುದು ಇವನ್ನು ನಾನು ಸೇರಿಸಿಲ್ಲ. ಸಾಲವೇ ಇಲ್ಲದಿದ್ದರೆ 9ರ ಜಾಗದಲ್ಲಿ ಬ್ಯಾಂಕಿನ ಠೇವಣಿ ಬಡ್ಡಿ ಹಾಕಿ ನೋಡಿ.

ಹಾಗಾದರೆ ಎಲ್ಲ ಮಾರಿಬಿಡಿ ಎನ್ನುತ್ತಿದ್ದೇನೆಯೇ? ಇಲ್ಲ. ಧಾರಣೆ ಏರಲೂಬಹುದು, ಅದನ್ನು ಹೇಳುವ ವಿದ್ಯೆ ನನ್ನಲ್ಲಿಲ್ಲ. ನಾನು ಹೇಳುವುದು, ತೀರ್ಮಾನದಿಂದ 56ನ್ನು ಹೊರಗೆ ಹಾಕಿ ಎಂದು. ಅದಕ್ಕೊಂದು ಪ್ರಶ್ನೆ ಇದೆ: ಅಟ್ಟದಲ್ಲಿ ಅಡಿಕೆ ಇಲ್ಲ, ಅದರ ಬದಲು ಅಷ್ಟೇ ಮೌಲ್ಯದ ನಗದು ಗೋದ್ರೇಜ್ ಬೀರುವಿನಲ್ಲಿದೆ. ನಾಳೆ ಬೆಳಿಗ್ಗೆ ಆ ದುಡ್ಡು ಹಿಡಿದು ಶಿವಮೊಗ್ಗಕ್ಕೆ ಹೋಗಿ, 48ರ ಧಾರಣೆಯಲ್ಲಿ ಅಷ್ಟೂ ಅಡಿಕೆ ಕೊಂಡು, ಪಿಕಪ್‌ನಲ್ಲಿ ಹೇರಿ ತಂದು ಅಟ್ಟಕ್ಕೆ ಹಾಕುತ್ತೀರಾ? ‘ಖಂಡಿತ ಹಾಕುತ್ತೇನೆ, ಏರುವುದಕ್ಕೆ ಇಂಥಿಂಥ ಕಾರಣ ಇದೆ’ ಎಂದರೆ ಇಟ್ಟುಕೊಳ್ಳಿ, ಅದು ವ್ಯಾಪಾರ. ‘ಛೇ, ಯಾರಾದರೂ ಹಾಗೆ ಮಾಡುತ್ತಾರಾ’ ಎಂದು ನಗು ಬಂದರೆ, ನೀವು ಈಗ ಮಾಡುತ್ತಿರುವುದೂ ಅದನ್ನೇ. ಇಟ್ಟುಕೊಳ್ಳುವುದು ಎಂದರೆ ಇವತ್ತಿನ ಬೆಲೆಗೆ ಕೊಂಡಂತೆ.

ಇಟ್ಟುಕೊಳ್ಳುವುದಕ್ಕೆ ಒಳ್ಳೆಯ ಕಾರಣಗಳೂ ಇವೆ, ಅವನ್ನು ಪುಸ್ತಕದವರು ಹಗುರ ಮಾಡುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಅಟ್ಟವೇ ಬ್ಯಾಂಕು. ದುಡ್ಡಾಗಿ ಕೈಗೆ ಬಂದರೆ ಖರ್ಚಾಗಿ ಹೋಗುತ್ತದೆ, ಅಡಿಕೆಯಾಗಿದ್ದರೆ ಮಗಳ ಮದುವೆಗೆ, ಮಗನ ಇಂಜಿನಿಯರಿಂಗ್ ಫೀಸಿಗೆ ಉಳಿಯುತ್ತದೆ. ಥೇಲರ್ ಇದನ್ನು ಮನಸ್ಸಿನೊಳಗಿನ ಖಾತೆಗಳು ಎಂದು ಕರೆದು ವಿವರಿಸಿದರು. 2017ರ ನೊಬೆಲ್ ಅವರಿಗೆ ಬಂದದ್ದಕ್ಕೆ ಈ ಕೆಲಸವೂ ಒಂದು ಕಾರಣ. ಕೈಬಿಗಿತಕ್ಕಾಗಿ ಅಡಿಕೆ ಇಡುವುದು ತಪ್ಪಲ್ಲ, ಸ್ವಲ್ಪ ದುಬಾರಿ ಅಷ್ಟೇ. ಆದರೆ ಆ ಕಾರಣಕ್ಕೆ ಇಡುವುದಾದರೆ ಫೀಸು ಕಟ್ಟುವ ದಿನ ಧಾರಣೆ ಎಷ್ಟಿದ್ದರೂ ಮಾರಬೇಕು. ಫೀಸಿಗೆಂದು ಇಟ್ಟ ಅಡಿಕೆಯನ್ನು ಹಾಗೇ ಬಿಟ್ಟು, 56 ಬರಲಿ ಎಂದು ಫೀಸಿಗೆ ಸಾಲ ಎತ್ತುವವರನ್ನು ನಾನು ನೋಡಿದ್ದೇನೆ.

ನನ್ನ ಸಲಹೆ ಕೇಳಿದರೆ, ಮುಂದಿನ ಫಸಲಿಗೆ ಕೊಯ್ಲಿಗಿಂತ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಡಿ: ಇಷ್ಟು ಭಾಗ ಯುಗಾದಿಗೆ, ಇಷ್ಟು ಮಳೆಗಾಲ ಹಿಡಿಯುವ ಮುಂಚೆ, ಇಷ್ಟು ಗಣಪತಿ ಹಬ್ಬಕ್ಕೆ, ಧಾರಣೆ ಏನೇ ಇರಲಿ. ಶಿಖರದ ಬೆಲೆ ಇಡೀ ಫಸಲಿಗೆ ಸಿಗದು, ತಳದ ಬೆಲೆಯೂ ಇಡೀ ಫಸಲಿಗೆ ತಗಲದು. ಹಾಳೆಯನ್ನು ಮನೆಯವರ ಕೈಗೆ ಕೊಟ್ಟುಬಿಡಿ. ನಿಯಮ ಮುರಿಯಬೇಕೆನಿಸಿದರೆ ಅವರಿಗೆ ಕಾರಣ ಹೇಳಿ ಒಪ್ಪಿಸಬೇಕು. ಇದು ತಮಾಷೆಗೆ ಹೇಳಿದ್ದಲ್ಲ, ಬಾಯಿಬಿಟ್ಟು ಹೇಳಲಾಗದ ಕಾರಣ ಸಾಮಾನ್ಯವಾಗಿ ಕಾರಣವೇ ಅಲ್ಲ.

ವಾಟ್ಸಾಪ್ ಗುಂಪಿನಲ್ಲಿ ದಿನಾ ಧಾರಣೆ ನೋಡುವುದನ್ನೂ ಕಡಿಮೆ ಮಾಡಿ. ಏರಿಳಿತದ ಸರಕನ್ನು ದಿನಕ್ಕೊಮ್ಮೆ ನೋಡುವವನಿಗೆ ವರ್ಷಕ್ಕೊಮ್ಮೆ ನೋಡುವವನಿಗಿಂತ ಎಷ್ಟೋ ಹೆಚ್ಚು ಸಲ ‘ಇಳಿಯಿತು’ ಎಂಬ ಸುದ್ದಿ ಸಿಗುತ್ತದೆ, ಇಳಿತ ಎರಡು ಪಟ್ಟು ನೋಯಿಸುವುದರಿಂದ ಅವನ ಮನಸ್ಸು ಸದಾ ಸೋತಂತೆ ಇರುತ್ತದೆ. ಶ್ಲೋಮೋ ಬೆನಾರ್ಟ್ಜಿ ಮತ್ತು ಥೇಲರ್ 1995ರಲ್ಲಿ ಷೇರುದಾರರ ಬಗ್ಗೆ ಹೇಳಿದ ಮಾತು ಇದು, ಅಡಿಕೆಯ ರಾಶಿ, ಬೆಟ್ಟೆ, ಸರಕು ಎಂಬ ಎಲ್ಲ ದರ್ಜೆಗೂ ಸಲ್ಲುತ್ತದೆ.

ಅದೇ ಗುಂಪುಗಳಲ್ಲಿ ಆಮದಿನ ಸುದ್ದಿಯೂ ಬರುತ್ತದೆ. 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗವಾಗಿ ತರಿಸುವಂತಿಲ್ಲ ಎಂಬ ಬೆಲೆಯ) ನಿರ್ಬಂಧವಿಲ್ಲದೆ ತರಿಸಲು ಕೇಂದ್ರ ಅನುಮತಿ ಕೊಟ್ಟಾಗ ಮಲೆನಾಡಿಗೆ ಮಲೆನಾಡೇ ಕಂಗಾಲಾಗಿತ್ತು. 17 ಸಾವಿರ ಟನ್ ಎಂದರೆ ಕಣ್ಣಿಗೆ ಬೆಟ್ಟದಂತೆ ಕಾಣುತ್ತದೆ. ದೇಶದ ಉತ್ಪಾದನೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೇಲೆ. ಆ 17 ಸಾವಿರವೂ ಹಸಿ, ಒಣಗಿದ ಮೇಲೆ ಎಷ್ಟು ಉಳಿಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ ಸುದ್ದಿ ಬಂದಾಗ ಅಷ್ಟು ಚರ್ಚೆ ನಡೆದದ್ದು ನನ್ನ ಕಿವಿಗೆ ಬೀಳಲಿಲ್ಲ. ಹೆದರಿಕೆಯ ಸುದ್ದಿ ನೆನಪಿನಲ್ಲಿ ಮೇಲೆ ತೇಲುತ್ತದೆ, ಸುಲಭವಾಗಿ ನೆನಪಾದದ್ದು ದೊಡ್ಡದೂ ಆಗಿ ಕಾಣುತ್ತದೆ. ಒಂದು ಮಾತು ಮಾತ್ರ ನೆನಪಿರಲಿ. ಸುದ್ದಿ ಸಣ್ಣದಾದರೂ ಅದಕ್ಕೆ ಹೆದರಿ ಎಲ್ಲರೂ ಒಟ್ಟಿಗೆ ಚೀಲ ಇಳಿಸಿದರೆ ಧಾರಣೆ ನಿಜವಾಗಿಯೂ ಬೀಳುತ್ತದೆ. ಕಳ್ಳ ದಾರಿಯ ಆಮದು ಬೇರೆ ಸಂಗತಿ, ಅದು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಎಲ್ಲರೂ ಒಟ್ಟಿಗೆ ಎಂದಾಗ ವೆನಿಲ್ಲಾ ನೆನಪಾಗದೆ ಇರದು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಜಗತ್ತಿಗೆ ವೆನಿಲ್ಲಾ ಸಾಲದಾಯಿತು, 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ಬೆಲೆ. ಪಕ್ಕದ ತೋಟದವನು ನೆಟ್ಟ ಎಂದು ಇವನು, ಇವನು ನೆಟ್ಟ ಎಂದು ಆಚೆ ಊರಿನವನು. ರಾತ್ರಿ ಟಾರ್ಚ್ ಹಿಡಿದು ಬಳ್ಳಿ ಕಾದವರಿದ್ದರು. ವೆನಿಲ್ಲಾ ಬಳ್ಳಿ ಹೂ ಬಿಡಲು ಸುಮಾರು ಮೂರು ವರ್ಷ ಬೇಕು. ಅಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಕೊಳ್ಳುವವರು ಕೃತಕ ವೆನಿಲಿನ್‌ಗೆ ತಿರುಗಿದ್ದರು, 2005ರ ಸುಮಾರಿಗೆ ಕೇಳುವವರೇ ಇಲ್ಲ. ನೂರು ಜನ ನೆಟ್ಟದ್ದನ್ನು ಕಂಡಾಗ ನೂರು ಜನ ಬೇರೆ ಬೇರೆಯಾಗಿ ಯೋಚಿಸಿದ್ದಾರೆ ಅನ್ನಿಸುತ್ತದೆ. ಮೊದಲ ನಾಲ್ವರು ಯೋಚಿಸಿರುತ್ತಾರೆ, ಉಳಿದ 96 ಮಂದಿ ಆ ನಾಲ್ವರನ್ನು ನೋಡಿರುತ್ತಾರೆ. ಈಗ ಬಯಲುಸೀಮೆಯ ಗದ್ದೆ, ಹೊಲಗಳಲ್ಲೆಲ್ಲ ಏಳುತ್ತಿರುವ ಅಡಿಕೆ ತೋಟಗಳನ್ನು ನೋಡುವಾಗ ನನಗೆ ಇದೇ ಲೆಕ್ಕ ತಲೆಗೆ ಬರುತ್ತದೆ. ಅಡಿಕೆಗೆ ಹಳೆಯ ಬೇಡಿಕೆಯಿದೆ, ವೆನಿಲ್ಲಾದಷ್ಟು ಹಗುರ ಬೆಳೆಯಲ್ಲ, ನಿಜ. ಆದರೆ ಇವತ್ತು ನೆಟ್ಟದ್ದು ಫಸಲಿಗೆ ಬರುವುದು ಐದಾರು ವರ್ಷದ ಮೇಲೆ, ಎಲ್ಲರದ್ದೂ ಒಟ್ಟಿಗೆ.

ಇನ್ನು ಅಂಗಡಿಗೆ. ನಿಮ್ಮ ಜೇನಿನ ಕಥೆಗೆ ಹತ್ತಿರದ ಪ್ರಯೋಗವೊಂದಿದೆ. ಇಟಾಮಾರ್ ಸೈಮನ್‌ಸನ್ ಮತ್ತು ಟ್ವೆರ್ಸ್ಕಿ 1992ರಲ್ಲಿ ಪ್ರಕಟಿಸಿದ್ದು. 170 ಡಾಲರ್ ಮತ್ತು 240 ಡಾಲರ್‌ನ ಎರಡು ಕ್ಯಾಮೆರಾ ಮುಂದಿಟ್ಟಾಗ ಆಯ್ಕೆ ಅರ್ಧಕ್ಕರ್ಧ. 470 ಡಾಲರ್‌ನ ಮೂರನೆಯದನ್ನು ಸೇರಿಸಿದಾಗ ನಡುವಿನದನ್ನು ಬಯಸಿದವರು ನೂರಕ್ಕೆ 57. ಕೊಳ್ಳುವವನಿಗೆ ತನ್ನ ತೀರ್ಮಾನವನ್ನು ತನಗೇ ಸಮರ್ಥಿಸಿಕೊಳ್ಳಬೇಕಿರುತ್ತದೆ. ಅಗ್ಗದ್ದು ತಂದ ಜಿಪುಣನೂ ಆಗಬಾರದು, ದುಬಾರಿ ತಂದ ದಡ್ಡನೂ ಆಗಬಾರದು, ನಡುವಿನದು ಎರಡೂ ಆರೋಪದಿಂದ ಪಾರು ಮಾಡುತ್ತದೆ. ಜೇನಿನಲ್ಲಿ ಇದು ಇನ್ನೂ ಬಲವಾಗಿ ಕೆಲಸ ಮಾಡುವುದಕ್ಕೆ ಕಾರಣವಿದೆ. ಬೆಂಗಳೂರಿನಿಂದ ಬಂದವನಿಗೆ ತುಡುವೆ ಜೇನಿಗೂ ಸಕ್ಕರೆ ಪಾಕಕ್ಕೂ ವ್ಯತ್ಯಾಸ ನಾಲಿಗೆಯಲ್ಲಿ ಹಿಡಿಯಲು ಬಾರದು. ಗುಣ ಅಳೆಯಲಾಗದವನು ಬೆಲೆಯನ್ನೇ ಗುಣದ ಅಳತೆಗೋಲಾಗಿ ಹಿಡಿಯುತ್ತಾನೆ. ಅವನು ಲೆಕ್ಕ ಹಾಕುತ್ತಿಲ್ಲ ಎಂದಲ್ಲ, ಸಿಕ್ಕಷ್ಟು ಸುಳಿವಿನಲ್ಲಿ ಹಾಕುತ್ತಿದ್ದಾನೆ. ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ ಜೀವನಪೂರ್ತಿ ಹೇಳಿದ್ದು ಇದನ್ನೇ: ಮನುಷ್ಯ ಅತ್ಯುತ್ತಮವನ್ನು ಹುಡುಕುವುದಿಲ್ಲ, ಸಾಕೆನ್ನುವಷ್ಟು ಒಳ್ಳೆಯದು ಸಿಕ್ಕರೆ ನಿಲ್ಲುತ್ತಾನೆ. ಇದನ್ನು ದಡ್ಡತನವೆಂದು ನಾನು ಒಪ್ಪುವುದಿಲ್ಲ. ಆಗುಂಬೆಯ ಸೂರ್ಯಾಸ್ತ ತಪ್ಪಿಸಿಕೊಂಡು ಜೇನು ಪರೀಕ್ಷೆ ಮಾಡುವವನೇ ದಡ್ಡ.

ಆ ಕಾರಣಕ್ಕೇ ನಿಮ್ಮ ಮೇಲೊಂದು ಹೊಣೆ ಬೀಳುತ್ತದೆ. 650ರ ಬಾಟಲಿಯೊಳಗೆ 450ರದ್ದೇ ಜೇನು ಇದ್ದರೆ ಅದು ಮೋಸ. ಕಾಡಿನ ಹೆಜ್ಜೇನೋ, ಒಂದೇ ಹೂವಿನ ಕಾಲದಲ್ಲಿ ತೆಗೆದದ್ದೋ, ಅದಕ್ಕೊಂದು ನಿಜವಾದ ಹೆಚ್ಚುಗಾರಿಕೆ ಇರಲಿ, ಅದನ್ನು ಚೀಟಿಯಲ್ಲಿ ಬರೆಯಿರಿ.

ಗಿರಾಕಿ ಚೌಕಾಸಿ ಮಾಡುವ ರೀತಿಯೂ ಇದೇ ಜಾತಿಯದು. ಗಾಂಧಿ ಬಜಾರಿನಲ್ಲಿ 80 ರೂಪಾಯಿಯ ಸಾಮಾನಿಗೆ 20 ಬಿಡಿಸಲು ಹತ್ತು ನಿಮಿಷ ನಿಲ್ಲುವವನೇ 90 ಸಾವಿರದ ಬೈಕಿಗೆ ಸಾವಿರ ರೂಪಾಯಿಯ ಸೀಟ್ ಕವರ್ ಬಾಯಿ ಮುಚ್ಚಿಕೊಂಡು ಹಾಕಿಸುತ್ತಾನೆ. 15 ಡಾಲರ್‌ನ ಕ್ಯಾಲ್ಕುಲೇಟರ್‌ನಲ್ಲಿ 5 ಡಾಲರ್ ಉಳಿಯುವುದಾದರೆ 20 ನಿಮಿಷ ದೂರದ ಅಂಗಡಿಗೆ ಹೋಗುತ್ತೇವೆಂದವರು ನೂರಕ್ಕೆ 68, 125 ಡಾಲರ್‌ನ ಸಾಮಾನಿನಲ್ಲಿ ಅದೇ 5 ಡಾಲರ್ ಉಳಿಸಲು ಹೊರಟವರು 29 ಮಾತ್ರ. ಟ್ವೆರ್ಸ್ಕಿ, ಕಾಹ್ನೆಮನ್ 1981ರಲ್ಲಿ ಬರೆದದ್ದು. ಐದು ಡಾಲರ್ ಎರಡೂ ಕಡೆ ಐದೇ ಡಾಲರ್. ನೀವು ಕ್ವಿಂಟಾಲಿನ ಮೇಲೆ ಇನ್ನೂರು ರೂಪಾಯಿಯನ್ನು ಚಿಲ್ಲರೆ ಎಂದು ಬಿಟ್ಟು, ಮೀನಿನ ಅಂಗಡಿಯಲ್ಲಿ ಹತ್ತಕ್ಕೆ ಜಗಳ ಆಡುತ್ತೀರಾ ಎಂದು ಒಮ್ಮೆ ನೋಡಿಕೊಳ್ಳಿ.

ಕೊನೆಗೊಂದು ತಕರಾರು, ನಿಮ್ಮ ಜೇನಿನ ತೀರ್ಮಾನದ ಬಗ್ಗೆಯೇ. ಮೂರನೆಯ ಬಾಟಲಿ ಇಟ್ಟದ್ದು ಜುಲೈಯಲ್ಲಿ ಎಂದಿರಿ. ಜೋಗ ತುಂಬಿ, ಆಗುಂಬೆ ಘಾಟಿಯಲ್ಲಿ ಮಂಜು ಕವಿದು, ವಾರಾಂತ್ಯಕ್ಕೆ ಕಾರುಗಳ ಸಾಲು ಹಿಡಿಯುವ ತಿಂಗಳು ಅದೇ. ಅದಕ್ಕೆ ಮುಂಚೆ ಬರುತ್ತಿದ್ದ ಗಿರಾಕಿಯೂ ಜುಲೈಯ ಗಿರಾಕಿಯೂ ಒಂದೇ ಜಾತಿಯವರೇ? 450ರದ್ದು ಓಡಿದ್ದು 650ರಿಂದಲೋ, ಜೇಬು ದಪ್ಪ ಇರುವವರು ಬಂದದ್ದರಿಂದಲೋ ನಿಮ್ಮ ಕಥೆಯಿಂದ ಹೇಳಲಾಗದು. ನಮ್ಮ ಕೈಯಾರೆ ಮಾಡಿದ ಬದಲಾವಣೆಗೇ ಫಲದ ಶ್ರೇಯ ಕೊಡುವುದು ವ್ಯಾಪಾರಿಗಳ ಅಭ್ಯಾಸ. ಪರೀಕ್ಷೆ ಕಷ್ಟವೇನಲ್ಲ. ಒಂದು ಶನಿವಾರ, ಭಾನುವಾರ 650ರದ್ದನ್ನು ಒಳಗಿಡಿ, ಮುಂದಿನ ಶನಿವಾರ, ಭಾನುವಾರ ಹೊರಗಿಡಿ, ಹೀಗೇ ಎರಡು ತಿಂಗಳು. ಪ್ರತಿ ಬಾರಿ ಯಾವುದು ಎಷ್ಟು ಹೋಯಿತು, ಅಂಗಡಿಗೆ ಸುಮಾರು ಎಷ್ಟು ಜನ ಬಂದರು ಎಂದು ಸಾಲದ ಪುಸ್ತಕದ ಹಿಂದೆಯೇ ಬರೆಯುತ್ತ ಹೋಗಿ. ಗಲ್ಲಾದಲ್ಲಿ ಕೂರುವವರು ಬದಲಾಗಬಾರದು, ಬಾಟಲಿಗಳ ಜಾಗ ಬದಲಾಗಬಾರದು. ದಸರಾ ರಜೆಯ ವಾರವನ್ನು ಲೆಕ್ಕಕ್ಕೆ ಸೇರಿಸಬೇಡಿ.